ಪೆಟ್ಟಿಗೆ ಕೊಳ್ಳುವ ಮೊದಲು ಹಾಡುಗಳ ಹೆಸರು ತಿದ್ದಿಕೊಳ್ಳಿ

ಪ್ರಶ್ನೆ: ನಮ್ಮ ತಂದೆ ನಲವತ್ತು ವರ್ಷ ಕೂಡಿಹಾಕಿದ ಸಿ.ಡಿ., ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿದ್ದೇನೆ. ಬಹುಪಾಲು ಹಿಂದುಸ್ತಾನಿ ಗಾಯನ, ವಚನ, ದಾಸರ ಪದ. ಎಲ್ಲ ಫ್ಲ್ಯಾಕ್ (ಧ್ವನಿಯ ಗುಣಮಟ್ಟ ಕುಂದದ ಕಡತ) ರೂಪದಲ್ಲಿ, 180 ಜಿಬಿ. ಮನೆಯವರ ಮೊಬೈಲುಗಳಲ್ಲಿ, ಪುಣೆಯಲ್ಲಿರುವ ತಂಗಿಯ ಮೊಬೈಲಿನಲ್ಲೂ ಕೇಳುವಂತಾಗಬೇಕು. ನ್ಯಾಸ್ (ಮನೆಯ ಜಾಲಕ್ಕೆ ಜೋಡಿಸುವ ಹಾರ್ಡ್ ಡಿಸ್ಕ್) ಪೆಟ್ಟಿಗೆ ಕೊಳ್ಳಲೇ, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಸಾಕೇ? ಯಾವ ತಂತ್ರಾಂಶ ಹಾಕಲಿ?
– ಓದುಗರು, ನವನಗರ, ಬಾಗಲಕೋಟೆ

ಉತ್ತರ: ಮನೆಯಲ್ಲಿ ಮೂಲೆ ಸೇರಿದ ಲ್ಯಾಪ್‌ಟಾಪ್ ಇದ್ದರೆ ಎರಡೂ ಬೇಡ. ಹಾಡು ಕಳಿಸುವುದು ಯಂತ್ರಕ್ಕೆ ಹಗುರ ಕೆಲಸ. 4 ಜಿಬಿ ರ್ಯಾಮ್ ಧಾರಾಳವಾಯಿತು. ಪೈ ಹತ್ತು ವಾಟಿಗೂ ಕಡಿಮೆ ವಿದ್ಯುತ್ತಿನಲ್ಲಿ ನಡೆಯುತ್ತದೆ, ನಿಜ. ಆದರೆ ಕರೆಂಟು ಹೋಗಿ ಬರುವ ಆಟದಲ್ಲಿ ಅದರ ಮೆಮೊರಿ ಕಾರ್ಡ್ ಕೆಡುವುದುಂಟು; ನನ್ನವೇ ಎರಡು ಹಾಗೆ ಹೋಗಿವೆ. ಲ್ಯಾಪ್‌ಟಾಪಿಗೆ ಬ್ಯಾಟರಿಯ ಆಸರೆ ಇದೆ. ಅದು ಉಬ್ಬಿದ್ದರೆ ಮಾತ್ರ ಮೊದಲು ತೆಗೆಸಿ. ನಿಮ್ಮೂರ ಏಪ್ರಿಲ್ ಬಿಸಿಲಿಗೆ ಮುಚ್ಚಿದ ಕಪಾಟಿನಲ್ಲಂತೂ ಇಡಬೇಡಿ.

ನಿಮ್ಮ ಯಂತ್ರದಿಂದ ಮೊಬೈಲುಗಳಿಗೆ ಹಾಡು ಕಳಿಸುವ ತಂತ್ರಾಂಶಗಳಲ್ಲಿ ನನ್ನ ಮತ ನ್ಯಾವಿಡ್ರೋಮ್‌ಗೆ. ಉಚಿತ, ಹಗುರ, ಸಬ್‌ಸಾನಿಕ್ ಎಂಬ ಪದ್ಧತಿಯಲ್ಲಿ ಹಾಡು ತರಿಸಿಕೊಳ್ಳುವ ಯಾವ ಮೊಬೈಲ್ ಆ್ಯಪ್ ಬೇಕಾದರೂ ಅದಕ್ಕೆ ಹೊಂದುತ್ತದೆ. ಸಿನಿಮಾಗಳೂ ಇದ್ದರೆ ಜೆಲ್ಲಿಫಿನ್ ಎಂಬ ತಂತ್ರಾಂಶ ನೋಡಬಹುದು.

ಇಷ್ಟೆಲ್ಲ ಒಂದು ಸಂಜೆಯ ಕೆಲಸ. ತಿಂಗಳುಗಟ್ಟಲೆ ಹಿಡಿಯುವುದು ಬೇರೆ. ನ್ಯಾವಿಡ್ರೋಮ್ ನೀವು ಫೋಲ್ಡರಿಗೆ ಇಟ್ಟ ಹೆಸರನ್ನು ನೆಚ್ಚುವುದಿಲ್ಲ, ಕಡತದೊಳಗಿನ ಟ್ಯಾಗ್ (ಹಾಡು, ಗಾಯಕ, ಆಲ್ಬಮ್‌ಗಳ ಹೆಸರಿನ ಚೀಟಿ) ಓದುತ್ತದೆ. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರನ್ನೇ ತೆಗೆದುಕೊಳ್ಳಿ. ಒಂದು ಸಿ.ಡಿ.ಯಲ್ಲಿ ‘ಕುಮಾರ ಗಂಧರ್ವ’, ಇನ್ನೊಂದರಲ್ಲಿ ‘ಪಂಡಿತ್ ಕುಮಾರ್ ಗಂಧರ್ವ’, ಮತ್ತೊಂದರಲ್ಲಿ ಇಂಗ್ಲಿಷ್ ಅಕ್ಷರ ಎಂದರೆ ಸರ್ವರಿನ, ಅಂದರೆ ಹಾಡು ಕಳಿಸುವ ಯಂತ್ರದ, ಲೆಕ್ಕಕ್ಕೆ ಮೂವರು ಗಾಯಕರು! ಯಾವುದೋ ಹಾಡಿನಲ್ಲಿ ತಬಲಾದವರ ಹೆಸರೂ ಸೇರಿದ್ದರೆ ಆಲ್ಬಮ್ಮೇ ಎರಡು ಹೋಳಾಗಬಹುದು. ಆದ್ದರಿಂದ ‘ಆಲ್ಬಮ್ ಆರ್ಟಿಸ್ಟ್’ ಜಾಗದಲ್ಲಿ ಎಲ್ಲೆಡೆ ಒಂದೇ ಹೆಸರು ಬರೆಯಿರಿ. ಹಾಡಿನ ಕ್ರಮಸಂಖ್ಯೆ ಬಿಡಬೇಡಿ. ಬಿಟ್ಟರೆ ವೇಗದ ದ್ರುತ್ ಮೊದಲು ಬಂದು, ಮೊದಲು ಬರಬೇಕಾದ ನಿಧಾನಗತಿಯ ವಿಲಂಬಿತ್ ಆಮೇಲೆ ಬರುತ್ತದೆ, ತಂದೆಯವರು ಸಿಟ್ಟಾಗುತ್ತಾರೆ. ಸಿ.ಡಿ.ಗಳಿಗೆ ಮ್ಯೂಸಿಕ್‌ಬ್ರೈನ್ಜ್ ಪಿಕಾರ್ಡ್ ಎಂಬ ಉಚಿತ ತಂತ್ರಾಂಶ ನೆರವಾಗುತ್ತದೆ. ಮನೆಯಲ್ಲಿ ರೆಕಾರ್ಡ್ ಮಾಡಿದ ಕ್ಯಾಸೆಟ್ಟುಗಳ ಗುರುತು ಅದಕ್ಕೆ ಹತ್ತುವುದಿಲ್ಲ. ಅವನ್ನು ತಂದೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಬರೆಯಬೇಕು. ಯಾವ ರಾಗ, ಯಾವ ಊರಿನ ಬೈಠಕ್ ಎಂಬುದು ಅವರಿಗಷ್ಟೇ ಗೊತ್ತು.

ಪುಣೆಗೆ ಕಳಿಸಲು ರೂಟರಿನ ಬಾಗಿಲನ್ನು ಇಂಟರ್‌ನೆಟ್ಟಿಗೆ ತೆರೆದಿಡಬೇಡಿ. ದೂರದ ಯಂತ್ರಗಳನ್ನು ಖಾಸಗಿಯಾಗಿ ಬೆಸೆಯುವ ಟೇಲ್‌ಸ್ಕೇಲ್ ಎಂಬ ತಂತ್ರಾಂಶವನ್ನು ಎರಡೂ ಕಡೆ ಹಾಕಿದರೆ ತಂಗಿಯ ಮೊಬೈಲ್ ನಿಮ್ಮ ಮನೆಯ ಜಾಲದಲ್ಲೇ ಇದ್ದಂತಾಗುತ್ತದೆ. ಫ್ಲ್ಯಾಕ್ ಗಂಟೆಗೆ ಸುಮಾರು 300 ಎಂಬಿ ಡೇಟಾ ತಿನ್ನುತ್ತದೆ. ಅವರ ಆ್ಯಪಿನಲ್ಲಿ 96 ಕೆಬಿಪಿಎಸ್‌ನ ಓಪಸ್ ಎಂಬ ಚಿಕ್ಕ ರೂಪವನ್ನು ಆರಿಸಿದರೆ ಸರ್ವರೇ ಕುಗ್ಗಿಸಿ ಕಳಿಸುತ್ತದೆ, ಆಗ 45 ಎಂಬಿಯೊಳಗೆ ಮುಗಿಯುತ್ತದೆ.

ನ್ಯಾಸ್‌ಗೆಂದು ತೆಗೆದಿಟ್ಟ ದುಡ್ಡಿನಲ್ಲಿ 1 ಟಿಬಿಯ ಎರಡು ಹಾರ್ಡ್ ಡಿಸ್ಕ್ ಕೊಳ್ಳಿ. ಒಂದು ಲ್ಯಾಪ್‌ಟಾಪಿಗೆ, ಇನ್ನೊಂದು ಎಲ್ಲ ಹಾಡುಗಳ ನಕಲಿನೊಂದಿಗೆ ತಂಗಿಯ ಮನೆಯಲ್ಲಿರಲಿ. ಕ್ಯಾಸೆಟ್ಟುಗಳನ್ನು ಮಾತ್ರ ಇನ್ನೂ ಗುಜರಿಗೆ ಹಾಕಬೇಡಿ.