ರೋಗಿಗಳ ಜೊತೆ ಮಾತಾಡೋದನ್ನು ಕಲಿಸೋಕಾಗುತ್ತಾ?

ರೋಗಿಗಳ ಕಷ್ಟ ಅರಿತು ಮಾತಾಡೋದನ್ನು ನರ್ಸಿಂಗ್ ಮಕ್ಕಳಿಗೆ ಕಲಿಸಬಹುದಾ, ಇಲ್ಲಾ ಅದು ಹುಟ್ಟುಗುಣವಾ ಅಂತ ಕೇಳಿದ್ದೀರಿ. ನಾನು ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡೋಳು. ಖಂಡಿತ ಕಲಿಸಬಹುದು, ಆದರೆ ಅದಕ್ಕೆ ವಾರ್ಡಿಗೇ ಹೋಗಬೇಕು.

ಒಮ್ಮೆ ಒಬ್ಬ ಹುಡುಗ ಕೇಸ್ ಹೇಳ್ತಿದ್ದ. ಅರವತ್ತು ದಾಟಿದ ಅಜ್ಜಿ, ಶುಗರ್ 400ರ ಮೇಲೆ. "ಇನ್ಸುಲಿನ್ ಸರಿಯಾಗಿ ತಗೊಳ್ಳಲ್ಲ ಮೇಡಂ" ಅಂದವನೇ ಅಜ್ಜಿ ಕಡೆ ತಿರುಗಿ, "ಹಿಂಗೇ ಮಾಡಿದ್ರೆ ಕಾಲು ತೆಗೀಬೇಕಾಗುತ್ತೆ, ಗೊತ್ತಾ?" ಅಂತ ಗದರಿದ. ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಸುಮ್ಮನಾದರು. ನಾನು ಸ್ಟೂಲ್ ಎಳೆದು ಕೂತೆ. "ಅಜ್ಜಿ, ಇಂಜೆಕ್ಷನ್ ಮನೇಲಿ ಎಲ್ಲಿಟ್ಕೋತೀರಿ?" ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ನಾನೂ ಬಾಯಿ ಬಿಡಲಿಲ್ಲ.

"ನಮ್ಮನೇಲಿ ಫ್ರಿಜ್ ಇಲ್ಲ ಕಣವ್ವ. ಪಕ್ಕದ ಮನೇಲಿ ಮಡಗಿದ್ದೆ. ದಿನಾ ಬೆಳಗ್ಗೆ ಅವರ ಬಾಗಿಲು ತಟ್ಟೋಕೆ ನಾಚಿಕೆ."

ದೊಡ್ಡ ಮಡಕೆಗೆ ಮರಳು ತುಂಬಿ, ನೀರು ಚಿಮುಕಿಸಿ, ನಡುವೆ ಚಿಕ್ಕ ಕುಡಿಕೆಯಲ್ಲಿ ಬಾಟಲಿ ಇಟ್ಟು ನೆರಳಲ್ಲಿಟ್ಟರೆ ತಂಪಾಗಿರುತ್ತೆ ಅಂತ ಹೇಳಿಕೊಟ್ವಿ. ಆ ಹುಡುಗ ಕೆಟ್ಟವನಲ್ಲ. ಹಾಗೆ ಕೇಳೋದನ್ನು ಅವನು ಯಾರಲ್ಲೂ ನೋಡಿರಲಿಲ್ಲ, ಅಷ್ಟೇ. ಗದರೋದನ್ನು ಮಾತ್ರ ನಮ್ಮಂಥ ಹಿರಿಯರಿಂದಲೇ ದಿನಾ ನೋಡಿದ್ದ.

ಎಂಬಿಬಿಎಸ್‌ಗೆ 2019ರಿಂದ ಏಟ್‌ಕಾಮ್ ಅಂತ ನಡತೆ, ನೀತಿ, ಸಂವಹನ ಪಠ್ಯಕ್ಕೇ ಸೇರಿದೆ. ಒಳ್ಳೆಯದೇ, ಆದರೆ ಮಕ್ಕಳು ಅದನ್ನೂ ಬಾಯಿಪಾಠ ಮಾಡಿಬಿಡ್ತಾರೆ. ನಾನು ಮಾಡಿಸೋದು ಬೇರೆ. ಒಬ್ಬರನ್ನು ಸ್ಟ್ರೆಚರ್ ಮೇಲೆ ಮಲಗಿಸಿ ಕಾರಿಡಾರಿನಲ್ಲಿ ತಳ್ಳಿಕೊಂಡು ಹೋಗಿಸ್ತೀನಿ. ಮೇಲೆ ಟ್ಯೂಬ್‌ಲೈಟು ಸರಿದು ಹೋಗ್ತಿರುತ್ತೆ, ತಲೆ ಮೇಲೆ ಯಾರೋ ಯಾರಿಗೋ ಮಲಗಿರೋರ ಬಗ್ಗೆ ಮಾತಾಡ್ತಿರ್ತಾರೆ. ಇಳಿದ ಮೇಲೆ ಹೆಚ್ಚಿನ ಮಕ್ಕಳು ಸುಮ್ಮನೆ ನಿಂತಿರ್ತಾರೆ.

ಇನ್ನೊಂದು, ರೋಗಿ ಬಾಯಿ ತೆರೆದ ಮೇಲೆ ಪೂರ್ತಿ ಒಂದು ನಿಮಿಷ ನಡುವೆ ಮಾತಾಡಬಾರದು. 1984ರ ಅಮೆರಿಕದ ಅಧ್ಯಯನವೊಂದರಲ್ಲಿ ವೈದ್ಯರು ಸರಾಸರಿ 18 ಸೆಕೆಂಡಿಗೇ ತಡೆದುಬಿಡ್ತಿದ್ದರು. ಒಂದು ನಿಮಿಷ ಸುಮ್ಮನಿರೋದು ಎಷ್ಟು ಕಷ್ಟ ಅಂತ ನಮ್ಮ ಮಕ್ಕಳಿಗೂ ಮಾಡಿದಾಗಲೇ ಗೊತ್ತಾಗುತ್ತೆ.

"ಅಯ್ಯೋ ಪಾಪ" ಅನ್ನೋದನ್ನು ಕಲಿಸಬೇಡಿ. "ಮಾತ್ರೆ ಯಾಕೆ ಬಿಟ್ರಿ?" ಅನ್ನೋ ಜಾಗದಲ್ಲಿ "ಮಾತ್ರೆ ತಗೊಳ್ಳೋಕೆ ಏನು ತೊಂದರೆ ಆಯ್ತು?" ಅಂತ ಕೇಳಿಸಿ. ಕೂತು ಕೇಳಿಸಿ. ನಿಮ್ಮ ವಾರ್ಡಿನಲ್ಲಿ ಮಂಚದ ಪಕ್ಕ ಸ್ಟೂಲ್ ಇಲ್ಲದಿದ್ದರೆ, ಮೊದಲು ಅದನ್ನು ತರಿಸಿ.