ಬಾಯಲ್ಲಿ ಅರ್ಧ ಗಂಟೆ, ಹಾಳೆಯಲ್ಲಿ ಮೂರು ಸಾಲು

ಓದುಗರ ಪ್ರಶ್ನೆಗೆ ತಜ್ಞರ ಉತ್ತರ. ಈ ಬಾರಿಯ ವಿಷಯ: ಕಲಿಕಾ ನ್ಯೂನತೆ ಇರುವ ವಿದ್ಯಾರ್ಥಿಗಳಿಗೆ ಬರವಣಿಗೆಯಲ್ಲಿ ನೆರವಾಗುವ ತಂತ್ರಾಂಶಗಳು. ಉತ್ತರಿಸಿದವರು ಉಡುಪಿ, ಮಂಗಳೂರು ಭಾಗದ ವಿಶೇಷ ಶಿಕ್ಷಕಿ.

ಪ್ರಶ್ನೆ: ಮಗ ಎಂಟನೇ ತರಗತಿ, ಕನ್ನಡ ಮಾಧ್ಯಮ. ಡಿಸ್ಲೆಕ್ಸಿಯಾ (ಓದುವ ತೊಂದರೆ), ಡಿಸ್‌ಗ್ರಾಫಿಯಾ (ಬರೆಯುವ ತೊಂದರೆ) ಎರಡೂ ಇದೆ ಎಂದು ವೈದ್ಯರು ಹೇಳಿದ್ದಾರೆ. ಅಪ್ಪನ ಜತೆ ಬಂದರಿಗೆ ಹೋಗಿ ಬಂದರೆ ಅರ್ಧ ಗಂಟೆ ತುಳುವಿನಲ್ಲಿ ನಿಲ್ಲಿಸದೆ ಹೇಳುತ್ತಾನೆ. ‘ಮೀನುಗಾರಿಕೆ’ ಎಂಬ ಪ್ರಬಂಧ ಬರೆ ಎಂದರೆ ಮೂರು ಸಾಲಿಗೆ ಪೆನ್ನು ಕೆಳಗಿಡುತ್ತಾನೆ. ಮೈಂಡ್ ಮ್ಯಾಪ್ (ವಿಚಾರಗಳನ್ನು ಕೊಂಬೆಗಳಂತೆ ಬಿಡಿಸುವ ನಕ್ಷೆ) ತಂತ್ರಾಂಶ ಹಾಕಿಸಿ ಎಂದು ಒಬ್ಬರು ಹೇಳಿದರು. ಉಪಯೋಗ ಉಂಟಾ? (ಒಬ್ಬ ತಾಯಿ, ಮಲ್ಪೆ)

ಉತ್ತರ: ಉಂಟು. ಆದರೆ ಮಗ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ ಎಂದು ನೋಡಿಕೊಂಡ ಮೇಲೆ. ಪ್ರಬಂಧ ಬರೆಯುವಾಗ ಮಗು ಒಂದೇ ಹೊತ್ತಿಗೆ ಐದಾರು ಕೆಲಸ ಮಾಡಬೇಕು: ವಿಷಯ ನೆನಪಿಸಿಕೊಳ್ಳಬೇಕು, ಯಾವುದು ಮೊದಲು ಎಂದು ನಿರ್ಧರಿಸಬೇಕು, ತುಳುವಿನಲ್ಲಿ ಹೊಳೆದದ್ದನ್ನು ಪುಸ್ತಕದ ಕನ್ನಡಕ್ಕೆ ತರಬೇಕು, ಕಾಗುಣಿತ ಸರಿಯಿರಬೇಕು, ಒತ್ತಕ್ಷರ ತನ್ನ ಜಾಗದಲ್ಲೇ ಕೂರಬೇಕು, ಕೈ ಗೆರೆ ಬಿಟ್ಟು ಹೋಗಬಾರದು. ಬೇರೆ ಮಕ್ಕಳಿಗೆ ಕೊನೆಯ ಮೂರು ತಾವಾಗಿಯೇ ನಡೆಯುತ್ತವೆ. ನಿಮ್ಮ ಮಗ ಒಂದು ಒತ್ತಕ್ಷರದ ಮೇಲೆ ಗಮನ ಇಟ್ಟನೆಂದರೆ ಮುಂದಿನ ವಾಕ್ಯ ತಲೆಯಿಂದ ಹಾರಿಹೋಗಿರುತ್ತದೆ. ಇದನ್ನು ಸೋಮಾರಿತನ ಎಂದು ಬೈಯುವವರು ಈಗಲೂ ಇದ್ದಾರೆ, ಶಿಕ್ಷಕರ ಕೋಣೆಯಲ್ಲೂ.

ಮೈಂಡ್ ಮ್ಯಾಪ್ ತಂತ್ರಾಂಶ ಈ ಗಂಟನ್ನು ಸ್ವಲ್ಪ ಬಿಡಿಸುತ್ತದೆ. ಯೋಚಿಸುವುದು ಒಂದು ಹೊತ್ತಿಗೆ, ಬರೆಯುವುದು ಇನ್ನೊಂದು ಹೊತ್ತಿಗೆ. ಅಮೆರಿಕದ ‘ಇನ್‌ಸ್ಪಿರೇಶನ್’ ಈ ಬಗೆಯಲ್ಲಿ ಹಳೆಯದು. ಅದರಲ್ಲಿ ಬಿಡಿಸಿದ ಚಿತ್ರ ಒಂದು ಗುಂಡಿ ಒತ್ತಿದರೆ ಪಟ್ಟಿಯಾಗುತ್ತದೆ. ಅದಕ್ಕೆ ದುಡ್ಡು ಕೊಡಬೇಕು. ನಿಮಗೆ ಉಚಿತವಾಗಿ ಸಿಗುವ ‘ಫ್ರೀಪ್ಲೇನ್’ ಸಾಕು. ಮಧ್ಯದಲ್ಲಿ ‘ಮೀನುಗಾರಿಕೆ’ ಎಂದಿರಲಿ. ಟ್ಯಾಬ್ ಒತ್ತಿದರೆ ಒಂದು ಕೊಂಬೆ, ಎಂಟರ್ ಒತ್ತಿದರೆ ಪಕ್ಕದಲ್ಲಿ ಇನ್ನೊಂದು. ಬೋಟು, ಬಲೆ, ಐಸ್, ಬಂಗುಡೆ, ಬೂತಾಯಿ, ಮಳೆಗಾಲದ ರಜೆ... ಬಾಯಿಗೆ ಬಂದದ್ದೆಲ್ಲ ಒಂದೊಂದೇ ಪದವಾಗಿ ಇಳಿಯಲಿ. ಈ ಸುತ್ತಿನಲ್ಲಿ ತುಳುವೇ ಇರಲಿ, ಕಾಗುಣಿತ ತಪ್ಪಿರಲಿ, ನೀವು ಬಾಯಿ ಹಾಕಬೇಡಿ. ಎರಡನೇ ಸುತ್ತಿನಲ್ಲಿ ಒಂದಕ್ಕೊಂದು ಸೇರುವುದನ್ನು ಅವನೇ ಎಳೆದು ಸೇರಿಸಲಿ: ಬಂಗುಡೆ, ಬೂತಾಯಿ ‘ಮೀನು’ ಎಂಬುದರ ಅಡಿಗೆ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಇರುವ 61 ದಿನಗಳ ನಿಷೇಧ ‘ಮಳೆಗಾಲ’ದ ಅಡಿಗೆ. ಮೂರನೆಯ ಸುತ್ತಿಗೇ ವಾಕ್ಯ. ಒಂದು ಕೊಂಬೆಗೆ ಒಂದು ಪ್ಯಾರಾ, ಒಂದು ದಿನಕ್ಕೆ ಒಂದೇ ಕೊಂಬೆ ಆದರೂ ನಡೆಯುತ್ತದೆ.

ತಂತ್ರಾಂಶ ಹಾಕಿಕೊಟ್ಟು ಬಿಟ್ಟರೆ ಮಗು ಬಣ್ಣ ಬದಲಿಸುತ್ತಾ ಕೂರುತ್ತದೆ, ಅಷ್ಟೇ. ಬರವಣಿಗೆ ಕಲಿಸುವ ಬಗೆಗಳ ಮೇಲೆ ನಡೆದ ಅಧ್ಯಯನಗಳನ್ನು ಸಂಶೋಧಕರಾದ ಸ್ಟೀವ್ ಗ್ರಹಾಂ ಮತ್ತು ಡೊಲೊರೆಸ್ ಪೆರಿನ್ 2007ರಲ್ಲಿ ಒಟ್ಟು ಹಾಕಿ ತೂಗಿದಾಗ, ಯೋಜನೆ, ಕರಡು, ತಿದ್ದುವಿಕೆಯ ವಿಧಾನವನ್ನು ಬಿಡಿಸಿ ಹೇಳಿಕೊಟ್ಟದ್ದಕ್ಕೆ ಸಿಕ್ಕಿದ ಫಲ, ಬರೀ ವರ್ಡ್ ಪ್ರೊಸೆಸರ್ ಕೊಟ್ಟದ್ದಕ್ಕಿಂತ ಹೆಚ್ಚಿತ್ತು. ಮೊದಲ ಕೆಲವು ಪ್ರಬಂಧಗಳಿಗೆ ಪಕ್ಕದಲ್ಲಿ ಯಾರಾದರೂ ಕೂರಲೇಬೇಕು.

ಕೈಬರಹಕ್ಕೆ ಬದಲು ಟೈಪಿಂಗನ್ನು ಈಗಲೇ ಶುರುಮಾಡಿ. ಕನ್ನಡದಲ್ಲಿ ಡಿಸ್‌ಗ್ರಾಫಿಯಾದ ಮಕ್ಕಳನ್ನು ಹೆಚ್ಚು ಕಾಡುವುದು ಒತ್ತಕ್ಷರ ಮತ್ತು ಅರ್ಕಾವೊತ್ತು. ‘ಕರ್ಮ’ ಎನ್ನುವಾಗ ರ್ ಮೊದಲು ಕೇಳುತ್ತದೆ, ಬರೆಯುವಾಗ ‘ಮ’ದ ನಂತರ ಕೂರುತ್ತದೆ. ಎಲ್ಲ ಕಂಪ್ಯೂಟರು, ಫೋನು ಒಂದೇ ರೀತಿ ಗುರುತಿಸುವ ಅಕ್ಷರ ಸಂಕೇತವಾದ ಯುನಿಕೋಡ್‌ನಲ್ಲಿ ಕ, ರ, ಹಲಂತ (ಅರ್ಧಾಕ್ಷರದ ಚಿಹ್ನೆ), ಮ ಎಂದು ಉಚ್ಚಾರದ ಕ್ರಮದಲ್ಲೇ ಒತ್ತಿದರೆ ಸಾಕು, ಜಾಗ ಹುಡುಕುವ ಕೆಲಸ ಕಂಪ್ಯೂಟರಿನದ್ದು. ಮಂಗಳೂರು ಸಮೀಪದ ನಮ್ಮ ಕಿನ್ನಿಕಂಬಳದವರೇ ಆದ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಕಲಿಯಲು ಸುಲಭ.

ಮಾತನ್ನೇ ಅಕ್ಷರವಾಗಿಸಬೇಕಾದರೆ ಕ್ರೋಮ್‌ನಲ್ಲಿ ಗೂಗಲ್ ಡಾಕ್ಸ್ ತೆರೆದು ಧ್ವನಿ ಟೈಪಿಂಗ್‌ಗೆ ಕನ್ನಡ ಆರಿಸಿ. ಎರಡು ತೊಂದರೆ ಬರುತ್ತದೆ. ತುಳು ಬೆರೆತರೆ ಅದು ಏನೇನೋ ಬರೆಯುತ್ತದೆ. ಪೂರ್ಣವಿರಾಮವನ್ನು ಬಾಯಲ್ಲಿ ಹೇಳಿ ಹಾಕಿಸಲು ಕನ್ನಡದಲ್ಲಿ ಆಗುವುದಿಲ್ಲ. ಆದ್ದರಿಂದ ಒಂದು ವಾಕ್ಯ ಹೇಳು, ನಿಲ್ಲು, ಚುಕ್ಕಿ ಒತ್ತು, ಮುಂದಿನದು ಹೇಳು. ಇದರಿಂದ ವಾಕ್ಯ ಎಲ್ಲಿ ಮುಗಿಯುತ್ತದೆ ಎಂಬ ಪ್ರಜ್ಞೆಯೂ ಬರುತ್ತದೆ, ಹಾಗಾಗಿ ನನಗೆ ಈ ಕೊರತೆಯ ಮೇಲೆ ಅಷ್ಟೇನೂ ಸಿಟ್ಟಿಲ್ಲ.

ಬರೆದಾದ ಮೇಲೆ ಓದಿ ತಿದ್ದು ಎಂದು ಡಿಸ್ಲೆಕ್ಸಿಯಾದ ಮಗುವಿಗೆ ಹೇಳಬೇಡಿ, ಕೇಳಿ ತಿದ್ದು ಎನ್ನಿ. ಎಡ್ಜ್ ಬ್ರೌಸರ್ ಕನ್ನಡ ಪುಟವನ್ನು ಗಟ್ಟಿಯಾಗಿ ಓದುತ್ತದೆ, ಆಂಡ್ರಾಯ್ಡ್ ಫೋನಿನಲ್ಲೂ ಕನ್ನಡ ಧ್ವನಿ ಇದೆ. ‘ಮೀನುಗಾರರು ಬಳೆ ಬೀಸಿದರು’ ಎಂದು ಕೇಳಿಸಿದರೆ ಹುಡುಗ ತಾನೇ ನಗುತ್ತಾನೆ, ತಾನೇ ತಿದ್ದುತ್ತಾನೆ. ಶ ಮತ್ತು ಷ ತಪ್ಪು ಹೀಗೆ ಸಿಗದು. ಅದನ್ನು ಸದ್ಯಕ್ಕೆ ಬಿಟ್ಟುಬಿಡಿ. ಕನ್ನಡದ ಕಾಗುಣಿತ ಪರೀಕ್ಷಕಗಳನ್ನು ಹೆಚ್ಚು ನೆಚ್ಚಬೇಡಿ. ‘ಮನೆಯಲ್ಲಿದ್ದವರಿಗೂ’ ಎಂಬಂಥ ಪದದ ಎಲ್ಲ ರೂಪ ನಿಘಂಟಿನಲ್ಲಿ ಇರುವುದಿಲ್ಲ, ಸರಿಯಿದ್ದದ್ದಕ್ಕೂ ಕೆಂಪು ಗೆರೆ ಬೀಳುತ್ತದೆ. ಅಂಥ ಗೆರೆ ನೋಡಿ ನೋಡಿ ಸೋತ ಮಗುವಿಗೆ ಇನ್ನಷ್ಟು ಕೆಂಪು ಬೇಡ.

ಪ್ರಶ್ನೆ: ನಾನು ಮಂಗಳೂರಿನಲ್ಲಿ ಬಿ.ಎ. ವಿದ್ಯಾರ್ಥಿನಿ, ಡಿಸ್ಲೆಕ್ಸಿಯಾ ಇದೆ. ಉಪನ್ಯಾಸಕರು ಕೊಡುವ ಕನ್ನಡ ನೋಟ್ಸ್ ಅನ್ನು ಫೋನಿಗೆ ಓದಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಓದುತ್ತದೆ. ಇನ್ನೊಂದು, ಮೊದಲೇ ಔಟ್‌ಲೈನ್ (ಬರಹದ ಹಂದರ) ಮಾಡು ಎನ್ನುತ್ತಾರೆ, ನನಗೆ ಬರೆಯದೆ ಏನೂ ಹೊಳೆಯುವುದಿಲ್ಲ. (ವಿದ್ಯಾರ್ಥಿನಿ, ಮಂಗಳೂರು)

ಉತ್ತರ: ಫೋನಿನ ತಪ್ಪಲ್ಲ. ಆ ನೋಟ್ಸ್ ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಆಗಿದೆ. ಕಣ್ಣಿಗೆ ಕನ್ನಡ, ಕಂಪ್ಯೂಟರಿನ ಒಳಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ವರ್ಡ್ ಫೈಲ್ ಕೇಳಿ ಪಡೆದು ಬದಲಿಸಿ. ಪಿಡಿಎಫ್ ಆದರೆ ರಗಳೆ ಜಾಸ್ತಿ. ಯುನಿಕೋಡ್‌ನಲ್ಲೇ ಟೈಪ್ ಮಾಡಿ ಎಂದು ವಿಭಾಗಕ್ಕೆ ಒಂದು ಮನವಿ ಕೊಡುವುದು ಇನ್ನೂ ಒಳ್ಳೆಯದು, ನಿಮ್ಮ ನಂತರ ಬರುವವರಿಗೂ ಆಯಿತು.

ಔಟ್‌ಲೈನ್ ಮೊದಲೇ ಆಗಬೇಕೆಂಬ ನಿಯಮ ಯಾರೂ ಮಾಡಿಲ್ಲ. ಮೊದಲು ಮನಸ್ಸಿಗೆ ಬಂದಂತೆ ಬರೆಯಿರಿ ಅಥವಾ ಫೋನಿಗೆ ಹೇಳಿ. ಆಮೇಲೆ ವರ್ಡ್‌ನ ವ್ಯೂ ಮೆನುವಿನಲ್ಲಿ ಔಟ್‌ಲೈನ್ ತೆರೆದು ಪ್ರತಿ ಪ್ಯಾರಾಕ್ಕೆ ನಾಲ್ಕು ಪದಗಳ ಒಂದು ಶೀರ್ಷಿಕೆ ಕೊಡಿ. ಟ್ಯಾಬ್ ಒತ್ತಿದರೆ ಶೀರ್ಷಿಕೆ ಒಂದು ಮಟ್ಟ ಕೆಳಗೆ, ಶಿಫ್ಟ್ ಜತೆ ಟ್ಯಾಬ್ ಒತ್ತಿದರೆ ಮೇಲೆ. ಬರೀ ಶೀರ್ಷಿಕೆಗಳನ್ನು ಮಾತ್ರ ಕಾಣಿಸುವಂತೆ ಮಾಡಿಕೊಂಡು ಎಳೆದು ಜಾಗ ಬದಲಿಸಿ, ಅಡಿಯ ಪ್ಯಾರಾ ಅದರ ಜತೆಗೇ ಹೋಗುತ್ತದೆ. ಒಂದೇ ಶೀರ್ಷಿಕೆ ಎರಡು ಕಡೆ ಬಂದಿದ್ದರೆ ಹೇಳಿದ್ದನ್ನೇ ಹೇಳಿದ್ದೀರಿ. ಶೀರ್ಷಿಕೆ ಕೊಡಲು ಆಗದ ಪ್ಯಾರಾ ಇದ್ದರೆ ಅದನ್ನು ತೆಗೆದರೂ ನಷ್ಟವಿಲ್ಲ.

ಪ್ರಶ್ನೆ: ಒಬ್ಬ ವಿದ್ಯಾರ್ಥಿಗೆ ಪದ ಸೂಚಿಸುವ ಆ್ಯಪ್, ಧ್ವನಿ ಟೈಪಿಂಗ್ ಎಲ್ಲ ಕೊಟ್ಟರೆ ಉಳಿದವರಿಗೆ ಅನ್ಯಾಯ ಅಲ್ಲವೇ? ಈಗ ಚಾಟ್‌ಜಿಪಿಟಿಯೂ ಬಂದಿದೆ. (ಪ್ರೌಢಶಾಲಾ ಶಿಕ್ಷಕ, ಕಾರ್ಕಳ)

ಉತ್ತರ: ನೀವು ಏನನ್ನು ಅಳೆಯುತ್ತಿದ್ದೀರಿ ಎಂಬುದರ ಮೇಲೆ ಹೋಗುತ್ತದೆ. ಉಕ್ತಲೇಖನ ಕೊಟ್ಟ ದಿನ ಪದ ಸೂಚಿಸುವ ಸೌಲಭ್ಯ ಆಫ್ ಮಾಡಿಸಿ, ನ್ಯಾಯವೇ. ರಾಣಿ ಅಬ್ಬಕ್ಕ ಪೋರ್ಚುಗೀಸರನ್ನು ಏಕೆ ಎದುರಿಸಿದಳು ಎಂದು ಕೇಳಿದ ದಿನ ನಿಮಗೆ ಬೇಕಾದದ್ದು ಕಾರಣಗಳು. ಅವನ್ನು ಬೆರಳಿನಿಂದ ಕೊಟ್ಟರೇನು, ಬಾಯಿಂದ ಕೊಟ್ಟರೇನು?

ಚಾಟ್‌ಜಿಪಿಟಿ ವಿಷಯದಲ್ಲಿ ನಾನು ಬಿಗಿ. ಅದು ಮಾಡಿಕೊಡುವ ಔಟ್‌ಲೈನ್ ಎಷ್ಟು ನುಣುಪು ಎಂದರೆ ಮಗು ತನ್ನದನ್ನು ನಾಚಿಕೊಂಡು ಅಳಿಸುತ್ತದೆ. ಮಲ್ಪೆಯ ಹುಡುಗನ ‘ಐಸ್’ ಎಂಬ ಕೊಂಬೆ ಅದರ ಪಟ್ಟಿಯಲ್ಲಿ ಬರುವುದು ಕಷ್ಟ. ಮಗುವಿನ ನಕ್ಷೆ ಮೊದಲು ಆಗಲಿ. ಆಮೇಲೆ ಬೇಕಿದ್ದರೆ ‘ಇದನ್ನು ನೋಡಿ ನನಗೆ ಮೂರು ಪ್ರಶ್ನೆ ಕೇಳು, ಉತ್ತರ ಬರೆಯಬೇಡ’ ಎಂದು ಅದಕ್ಕೆ ಹೇಳಲಿ. ಸಂಶಯ ಬಂದರೆ ಗೂಗಲ್ ಡಾಕ್ಸ್‌ನ ಆವೃತ್ತಿ ಇತಿಹಾಸ ತೆರೆಯಿರಿ, ಬರಹ ಬೆಳೆದ ಹಾದಿ ಅಲ್ಲಿ ಕಾಣುತ್ತದೆ.

ಪ್ರಶ್ನೆ: ಇದೆಲ್ಲ ಪರೀಕ್ಷೆಯಲ್ಲಿ ಬಿಡುತ್ತಾರಾ? ಮಗಳು ಸಿಬಿಎಸ್‌ಇ ಒಂಬತ್ತನೇ ತರಗತಿ. (ಒಬ್ಬ ತಂದೆ, ಸುರತ್ಕಲ್)

ಉತ್ತರ: ಸ್ವಲ್ಪ ಮಟ್ಟಿಗೆ. ನಿರ್ದಿಷ್ಟ ಕಲಿಕಾ ನ್ಯೂನತೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳಲ್ಲಿ ಒಂದು. ಬರೆಯಲು ತೊಂದರೆ ಇರುವವರಿಗೆ ಬರಹಗಾರರನ್ನು (ಹೇಳಿದ್ದನ್ನು ಬರೆದುಕೊಡುವವರನ್ನು) ಕೊಡಬೇಕು, ಅದಕ್ಕೆ ನ್ಯೂನತೆ ಶೇ 40ರಷ್ಟಾದರೂ ಇರಬೇಕೆಂಬ ಮಿತಿ ಅಡ್ಡ ಬರಬಾರದು ಎಂದು ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಸಿಬಿಎಸ್‌ಇ ಬರಹಗಾರರನ್ನೂ, ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ ಹೆಚ್ಚುವರಿ ಸಮಯವನ್ನೂ ಕೊಡುತ್ತದೆ. ಕಂಪ್ಯೂಟರ್ ಕೂಡ ಬಳಸಬಹುದು, ಆದರೆ ಉತ್ತರ ಟೈಪ್ ಮಾಡಲು, ಪ್ರಶ್ನೆಯನ್ನು ದೊಡ್ಡದಾಗಿ ನೋಡಲು ಅಥವಾ ಕೇಳಲು ಮಾತ್ರ. ಫಾರ್ಮ್ಯಾಟ್ ಮಾಡಿದ (ಒಳಗಿದ್ದದ್ದೆಲ್ಲ ಅಳಿಸಿದ) ಕಂಪ್ಯೂಟರನ್ನು ನೀವೇ ಒಯ್ಯಬೇಕು, ಇಂಟರ್ನೆಟ್ ಇರುವುದಿಲ್ಲ. ಇಂಟರ್ನೆಟ್ ಇಲ್ಲವೆಂದರೆ ಗೂಗಲ್ ಡಾಕ್ಸ್‌ನ ಧ್ವನಿ ಟೈಪಿಂಗೂ ಇಲ್ಲ. ಹಾಗಾಗಿ ಮಗಳ ಬೆರಳಿಗೆ ಟೈಪಿಂಗ್ ಈ ವರ್ಷವೇ ಕೂರಬೇಕು.

ನ್ಯೂನತೆಯ ಪ್ರಮಾಣಪತ್ರ ಮತ್ತು ಯುಡಿಐಡಿ (ವಿಕಲಚೇತನರ ವಿಶಿಷ್ಟ ಗುರುತಿನ) ಕಾರ್ಡ್ ಇಲ್ಲದಿದ್ದರೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ ವಿಚಾರಿಸಿ. ಉಡುಪಿಯವರು ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ. ಹತ್ತನೇ ತರಗತಿಯ ನೋಂದಣಿಯ ಹೊತ್ತಿಗೆ ಓಡಾಡಿದರೆ ತಡವಾಗುತ್ತದೆ. ಶಾಲೆಗೆ ಪತ್ರ ಕೊಟ್ಟು ಒಂಬತ್ತನೆಯ ಘಟಕ ಪರೀಕ್ಷೆಗಳಿಂದಲೇ ಅವಳು ಟೈಪ್ ಮಾಡಿ ಉತ್ತರಿಸಲಿ.

ಬರಹಗಾರರನ್ನು ಆರಿಸಿಕೊಂಡರೆ ಒಂದು ವಿಷಯ ನೆನಪಿರಲಿ: ಅವರು ಮಗಳು ಹೇಳಿದ್ದನ್ನು ಬರೆಯುತ್ತಾರೆ, ಉತ್ತರವನ್ನು ಜೋಡಿಸಿಕೊಡುವುದಿಲ್ಲ. ಮನೆಯಲ್ಲಿ ಪರದೆಯ ಮೇಲೆ ಮಾಡಿದ ನಕ್ಷೆಯನ್ನೇ ಚಿಕ್ಕದಾಗಿ, ಮಧ್ಯೆ ಪ್ರಶ್ನೆಯ ಮುಖ್ಯ ಪದ, ಸುತ್ತ ನಾಲ್ಕು ಕೊಂಬೆ, ರಫ್ ಪುಟದಲ್ಲಿ ಪೆನ್ಸಿಲಿನಿಂದ ಹಾಕಿಕೊಂಡು ಆಮೇಲೆ ಬಾಯಿ ತೆರೆಯುವ ಅಭ್ಯಾಸ ಮಾಡಿಸಿ. ಐದು ಅಂಕದ ಪ್ರಶ್ನೆಗೆ ಎರಡು ನಿಮಿಷ ಅದಕ್ಕೆ ಹೋದರೂ ಹೆಚ್ಚುವರಿ ಸಮಯದಲ್ಲಿ ಹೊಂದುತ್ತದೆ.