ಡಿಸೆಂಬರ್ ಕೊನೆಯಲ್ಲಿ ಕುಮಾರ ಪರ್ವತ, ಎಂಟು ಜನ: ನನ್ನ ಉತ್ತರ

ನಿಮ್ಮ ಪ್ರಶ್ನೆ ನೋಡಿದೆ. ಡಿಸೆಂಬರ್ ಕೊನೆಯ ವಾರ, ಬೆಂಗಳೂರಿನಿಂದ ಎಂಟು ಜನ ಗೆಳೆಯರು, ಅದರಲ್ಲಿ ಇಬ್ಬರು ಇದುವರೆಗೆ ಬೆಟ್ಟ ಹತ್ತಿಲ್ಲ. ಕುಕ್ಕೆ ಕಡೆಯಿಂದ ಒಂದೇ ದಿನದಲ್ಲಿ ಹೋಗಿ ಬರಬಹುದಾ, ಟೆಂಟ್ ಬೇಕಾ, ಎಂಥ ಜಾಕೆಟ್ ತರಬೇಕು ಅಂತ ಕೇಳಿದ್ದೀರಿ. ನಾನು ಸುಳ್ಯ ಕಡೆಯವನು. ಈ ಬೆಟ್ಟದ ದಾರಿ ಚೆನ್ನಾಗಿ ಗೊತ್ತು, ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಟೆಂಟ್ ಬೇಡ. ಅದು ಪುಷ್ಪಗಿರಿ ವನ್ಯಜೀವಿಧಾಮ, ತುದಿಯಲ್ಲಿ ಉಳಿಯುವ ಹಾಗಿಲ್ಲ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಅಲ್ಲಿ ಆದ ಜನಜಾತ್ರೆಯ ವಿಡಿಯೊ ನೀವೂ ನೋಡಿರುತ್ತೀರಿ. ಅದಾದ ಮೇಲೆ ಚಾರಣವನ್ನೇ ಸ್ವಲ್ಪ ಕಾಲ ನಿಲ್ಲಿಸಿ, ಆಮೇಲೆ ಆನ್‌ಲೈನ್ ಬುಕಿಂಗ್ ತಂದರು. ಈಗ ಅರಣ್ಯ ಇಲಾಖೆಯ ವೆಬ್‌ಸೈಟಿನಲ್ಲಿ ಮೊದಲೇ ಬುಕ್ ಮಾಡಿಕೊಳ್ಳಬೇಕು. ವರ್ಷದ ಕೊನೆಯ ವಾರ ಅಂದರೆ ಎಲ್ಲರೂ ರಜೆಯಲ್ಲಿರುವವರೇ, ತಡ ಮಾಡಬೇಡಿ. ಒಳಗೆ ಬಿಡುವ ಸಮಯ ಎಷ್ಟು, ಕುಕ್ಕೆ ದಾರಿಯ ಮಧ್ಯೆ ಸಿಗುವ ಗಿರಿಗದ್ದೆಯಲ್ಲಿ ಉಳಿಯಲು ಅವಕಾಶ ಇದೆಯಾ ಅನ್ನುವುದನ್ನೂ ಆಗಲೇ ಕೇಳಿಕೊಳ್ಳಿ. ಈ ನಿಯಮಗಳು ಬದಲಾಗುತ್ತಾ ಇರುತ್ತವೆ.

ಈಗ ಒಂದೇ ದಿನದ ವಿಷಯ. ಕುಕ್ಕೆ ಇರುವುದು ಸಮುದ್ರಮಟ್ಟದಿಂದ ನೂರಿಪ್ಪತ್ತು ಮೀಟರ್ ಆಸುಪಾಸಿನಲ್ಲಿ. ತುದಿ 1,712 ಮೀಟರ್. ಅಂದರೆ ಸುಮಾರು 1,600 ಮೀಟರ್ ಏರಬೇಕು, ಸುಮಾರು 13 ಕಿ.ಮೀ. ನಡೆಯಬೇಕು. ಮತ್ತೆ ಅಷ್ಟೇ ಇಳಿಯಬೇಕು. ದಿನಾ ಓಡುವ ಹುಡುಗರು ಮಾಡುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ಡಿಸೆಂಬರ್ ಕೊನೆಯಲ್ಲಿ ಸೂರ್ಯ ಹುಟ್ಟುವುದೇ ಆರೂಮುಕ್ಕಾಲಿಗೆ, ಮುಳುಗುವುದು ಆರೂಕಾಲರ ಒಳಗೆ. ಕುಕ್ಕೆಯಿಂದ ಗಿರಿಗದ್ದೆವರೆಗಿನ ಐದಾರು ಕಿ.ಮೀ. ದಟ್ಟ ಕಾಡು. ಅಲ್ಲಿ ಐದೂವರೆಗೇ ಕಣ್ಣು ಕಾಣಿಸುವುದಿಲ್ಲ. ದಾರಿ ತುಂಬ ಬೇರು, ಕಲ್ಲು. ಸುಸ್ತಾದ ಕಾಲಿನಲ್ಲಿ, ಕತ್ತಲಲ್ಲಿ, ಅದರ ಮೇಲೆ ಇಳಿಯುವುದು ಯಾರಿಗೂ ಬೇಡ ಮಾರಾಯ್ರೇ. ಸಾಲದ್ದಕ್ಕೆ ಆನೆ ಓಡಾಡುವ ಕಾಡು.

ಅದಕ್ಕೇ ನನ್ನ ಸಲಹೆ ಇಷ್ಟು: ತಿರುಗುವ ಸಮಯವನ್ನು ಹೊರಡುವ ಹಿಂದಿನ ರಾತ್ರಿಯೇ ಎಂಟೂ ಜನ ಕೂತು ತೀರ್ಮಾನ ಮಾಡಿ. ಹನ್ನೆರಡೂವರೆ ಅಂತಿಟ್ಟುಕೊಳ್ಳಿ. ಹನ್ನೆರಡೂವರೆಗೆ ಎಲ್ಲಿದ್ದೀರೋ ಅಲ್ಲಿಂದ ವಾಪಸ್. ತುದಿ ಎದುರಿಗೇ ಕಾಣುತ್ತಿದ್ದರೂ ಸರಿ. ಮೇಲೆ ಹೋದ ಮೇಲೆ ಈ ಮಾತು ಶುರು ಮಾಡಿದರೆ ಜಗಳವಾಗುತ್ತದೆ. ‘ಇನ್ನು ಅರ್ಧ ಗಂಟೆ ಅಷ್ಟೇ’ ಅನ್ನುವ ಒಬ್ಬ ಪ್ರತಿ ತಂಡದಲ್ಲೂ ಇರುತ್ತಾನೆ.

ಹೊಸಬರಿಬ್ಬರು ಇರುವುದರಿಂದ ತುದಿಗಿಂತ ಮೊದಲು ಸಿಗುವ ಶೇಷ ಪರ್ವತವನ್ನೇ ಗುರಿ ಮಾಡಿಕೊಳ್ಳಿ. ಗಿರಿಗದ್ದೆ, ಚೆಕ್‌ಪೋಸ್ಟ್, ಆಮೇಲೆ ಬಯಲು ಹುಲ್ಲುಗುಡ್ಡ, ಕಲ್ಲು ಮಂಟಪ, ನಂತರ ಶೇಷ ಪರ್ವತ. ಅಲ್ಲಿಂದ ಕುಮಾರ ಪರ್ವತಕ್ಕೆ ಒಮ್ಮೆ ಇಳಿದು, ಶೋಲಾ ಕಾಡು (ಬೆಟ್ಟದ ಕಣಿವೆಯ ಕುಳ್ಳ ಮರಗಳ ದಟ್ಟ ಕಾಡು) ದಾಟಿ, ಬಂಡೆ ಹತ್ತಬೇಕು. ಹೊಸಬರಿಗೆ ಕಾಲು ನಡುಗುವುದು ಆ ಬಂಡೆಯಲ್ಲೇ. ನೋಟ ಅಂತ ಕೇಳಿದರೆ ನನಗೆ ಶೇಷ ಪರ್ವತದ ಅಂಚೇ ಜಾಸ್ತಿ ಇಷ್ಟ. ತುದಿಯಲ್ಲಿ ನಿಂತರೆ ತುದಿ ಕಾಣುವುದಿಲ್ಲ, ಅಲ್ವಾ? ತುದಿ ಮುಟ್ಟಲೇಬೇಕು ಅಂತ ಹಟ ಇದ್ದರೆ ಸೋಮವಾರಪೇಟೆ ಕಡೆಯ ಬೀದಹಳ್ಳಿ ದಾರಿ ನೋಡಿ. ಅದು ಹೆಚ್ಚುಕಮ್ಮಿ ಅರ್ಧ ದೂರ, ಹೊರಡುವುದೂ ಎತ್ತರದಿಂದ.

ತಂಡದ ನಡಿಗೆ ಬಗ್ಗೆ ಒಂದು ಮಾತು. ಜೋರಾಗಿ ನಡೆಯುವವರು ಮುಂದೆ ಹೋಗಿ ಕೂತಿರುತ್ತಾರೆ. ಹಿಂದಿನವರು ಏದುಸಿರು ಬಿಡುತ್ತಾ ಬಂದು ಮುಟ್ಟಿದ ತಕ್ಷಣ ಇವರು ‘ಸರಿ, ಹೊರಡೋಣ’ ಅಂತ ಎದ್ದುಬಿಡುತ್ತಾರೆ. ಹಿಂದಿನವರಿಗೆ ವಿಶ್ರಾಂತಿಯೇ ಸಿಗುವುದಿಲ್ಲ. ಹೊತ್ತೇರಿದ ಹಾಗೆ ಅವರು ಇನ್ನೂ ಹಿಂದೆ ಬೀಳುತ್ತಾರೆ. ಹಾಗಾಗಿ ಹೊಸಬರನ್ನು ಮುಂದಿನಿಂದ ಎರಡನೆಯ, ಮೂರನೆಯ ಜಾಗದಲ್ಲಿ ನಡೆಸಿ. ದಾರಿ ಗೊತ್ತಿರುವವನೊಬ್ಬ ಮುಂದೆ, ತಾಳ್ಮೆ ಇರುವವನೊಬ್ಬ ಕೊನೆಗೆ. ಕೊನೆಯವನನ್ನು ದಾಟಿ ಯಾರೂ ಹಿಂದುಳಿಯಬಾರದು, ಮೂತ್ರಕ್ಕೆ ಹೋದರೂ ಹೇಳಿ ಹೋಗಬೇಕು. ಫೋನ್ ಮಾಡಿ ಹುಡುಕೋಣ ಅಂದುಕೊಳ್ಳಬೇಡಿ, ನೆಟ್‌ವರ್ಕ್ ನಂಬುವ ಹಾಗಿಲ್ಲ. ಒಬ್ಬೊಬ್ಬರ ಹತ್ತಿರ ಒಂದೊಂದು ಸೀಟಿ ಇರಲಿ.

ಜಾಕೆಟ್ ಕೇಳಿದ್ದೀರಿ. ಚಳಿಗಾಲದ ಬೆಟ್ಟ ಅಂದ ಕೂಡಲೇ ಎಲ್ಲರೂ ದಪ್ಪ ಜಾಕೆಟ್ ಯೋಚನೆ ಮಾಡುತ್ತಾರೆ, ನೀರಿನ ಯೋಚನೆ ಮಾಡುವುದಿಲ್ಲ. ಗಿರಿಗದ್ದೆ ದಾಟಿದ ಮೇಲೆ ನೆರಳು ಬಹಳ ಕಡಿಮೆ. ಹತ್ತು ಗಂಟೆಯ ಮೇಲೆ ಬಿಸಿಲು ಚುರುಗುಟ್ಟುತ್ತದೆ, ಡಿಸೆಂಬರ್ ಆದರೂ. ಜಾಕೆಟ್ ಬ್ಯಾಗಿನಲ್ಲಿ ಸುಮ್ನೆ ಭಾರ. ಸಾವಿರ ಮೀಟರ್ ಏರಿದರೆ ಆರು ಡಿಗ್ರಿಯಷ್ಟು ತಂಪಾಗುತ್ತದೆ, ಹಾಗಾಗಿ ತುದಿಯಲ್ಲಿ ಕುಕ್ಕೆಗಿಂತ ಒಂಬತ್ತು ಹತ್ತು ಡಿಗ್ರಿ ಕಡಿಮೆ ಇರಬಹುದು. ನಡೆಯುವಾಗ ಅದು ಗೊತ್ತೇ ಆಗುವುದಿಲ್ಲ. ಬೆವರಿದ ಬನಿಯನ್‌ನಲ್ಲಿ ಗಾಳಿಗೆ ಕೂತಾಗ ಗೊತ್ತಾಗುತ್ತದೆ. ಗಾಳಿ ತಡೆಯುವ ಒಂದು ತೆಳು ಜರ್ಕಿನ್, ಬದಲಾಯಿಸಲು ಒಂದು ಒಣ ಟೀ ಶರ್ಟ್, ಟೋಪಿ. ಸಾಕು. ಜೀನ್ಸ್ ಬೇಡ, ತೊಡೆ ಉಜ್ಜುತ್ತದೆ.

ನೀರು ತಲೆಗೆ ಮೂರು ಲೀಟರ್. ಕಲ್ಲು ಮಂಟಪದ ಹತ್ತಿರ ನೀರು ಸಿಗುತ್ತದೆ ಅಂತ ಯಾರಾದರೂ ಹೇಳಬಹುದು. ಮಳೆಗಾಲ ಮುಗಿದ ಹೊಸದರಲ್ಲಿ ಸರಿ, ದಿನ ಹೋದ ಹಾಗೆ ಅದು ಸಣ್ಣದಾಗುತ್ತದೆ. ಇದ್ದರೆ ಲಾಭ ಅಂದುಕೊಳ್ಳಿ. ಓಆರ್‌ಎಸ್ ನಾಲ್ಕೈದು ಪೊಟ್ಟಣ ಇರಲಿ. ತಿನ್ನಲು ಚಪಾತಿ, ಕಡಲೆ ಚಿಕ್ಕಿ, ಖರ್ಜೂರ, ಕಿತ್ತಳೆ. ಕಿತ್ತಳೆ ಸಿಪ್ಪೆಯೂ ನಿಮ್ಮ ಜೊತೆಯೇ ಕೆಳಗೆ ಬರಬೇಕು. ಒಲೆ, ಬೀಡಿ, ಸಿಗರೇಟು ಏನೂ ಬೇಡ. ಹುಲ್ಲು ಒಣಗಿರುತ್ತದೆ, ಒಂದು ಕಿಡಿ ಬಿದ್ದರೆ ಗುಡ್ಡವೇ ಹೋಗುತ್ತದೆ.

ಇಂಬಳದ, ಅಂದರೆ ಜಿಗಣೆಯ ಕಾಟ ಆ ಹೊತ್ತಿಗೆ ಕಡಿಮೆಯಾಗಿರುತ್ತದೆ. ಅದರ ಜಾಗಕ್ಕೆ ಉಣುಗು ಬರುತ್ತದೆ, ನೀವು ಉಣ್ಣೆ ಅನ್ನುತ್ತೀರಿ. ಮಂಗನ ಕಾಯಿಲೆ ಹರಡುವುದು ಇದರಿಂದಲೇ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಅದನ್ನು ಮೊದಲು ಗುರುತಿಸಿದರು, ಜಾಸ್ತಿ ಕಾಣಿಸುವುದು ಡಿಸೆಂಬರ್‌ನಿಂದ ಮಳೆ ಶುರುವಾಗುವವರೆಗೆ. ಹೆದರಿ ಕೂರಬೇಕಿಲ್ಲ. ಪೂರ್ತಿ ಪ್ಯಾಂಟ್ ಹಾಕಿ, ಅದರ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಹುಲ್ಲಿನ ಮೇಲೆ ಸುಮ್ಮನೆ ಉರುಳಬೇಡಿ. ಸಂಜೆ ಸ್ನಾನ ಮಾಡುವಾಗ ಕಂಕುಳು, ತೊಡೆಸಂದು, ಕಿವಿಯ ಹಿಂದೆ ನೋಡಿಕೊಳ್ಳಿ. ವಾಪಸ್ ಹೋಗಿ ಒಂದೆರಡು ವಾರದಲ್ಲಿ ಯಾರಿಗಾದರೂ ಜೋರು ಜ್ವರ ಬಂದರೆ ‘ಕಾಡಿಗೆ ಹೋಗಿದ್ದೆ’ ಅಂತ ಡಾಕ್ಟರಿಗೆ ಹೇಳಿ.

ಇಳಿಯುವಾಗ ಮಂಡಿ ಮತ್ತು ಕಾಲ್ಬೆರಳಿಗೆ ಪೆಟ್ಟು. ಎರಡು ದಿನ ಮೊದಲೇ ಉಗುರು ಕತ್ತರಿಸಿಕೊಳ್ಳಿ. ಹೊಸ ಶೂ ಅವತ್ತೇ ತೊಡಬೇಡಿ. ಒಣ ಹುಲ್ಲು ಮತ್ತು ಉರುಳುಗಲ್ಲಿನ ಮೇಲೆ ಅಡಿ ಸವೆದ ಶೂ ನಿಲ್ಲುವುದೇ ಇಲ್ಲ. ತಲೆಗೆ ಕಟ್ಟುವ ಟಾರ್ಚ್ ಎಂಟು ಜನಕ್ಕೂ ಬೇಕು. ಮೊಬೈಲ್ ಬೆಳಕು ಹಿಡಿದರೆ ಒಂದು ಕೈ ಹೋಯಿತಲ್ಲ.

ಪ್ರಯಾಣದಲ್ಲಿ ಎಲ್ಲರೂ ಮಾಡುವುದು ಒಂದೇ: ಶುಕ್ರವಾರ ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಬಂದು ಶನಿವಾರ ಬೆಳಿಗ್ಗೆ ಹತ್ತಲು ಶುರು. ದಯವಿಟ್ಟು ಒಂದು ದಿನ ಮೊದಲು ಬಂದು ಮಲಗಿ. ರೈಲಾದರೆ ಸುಬ್ರಹ್ಮಣ್ಯ ರೋಡ್ ನಿಲ್ದಾಣ ಇರುವುದು ನೆಟ್ಟಣದಲ್ಲಿ, ಕುಕ್ಕೆಗೆ ಇನ್ನೂ ಹತ್ತು ಹನ್ನೆರಡು ಕಿ.ಮೀ. ಜೀಪು, ಬಸ್ಸು ಸಿಗುತ್ತವೆ. ಷಷ್ಠಿ ದಿನಗಳಲ್ಲಿ ರೂಮು ಸಿಗುವುದು ಕಷ್ಟ, ಪಂಚಾಂಗ ನೋಡಿಯೇ ದಿನ ಇಟ್ಟುಕೊಳ್ಳಿ. ವಾಪಸ್ ಬಸ್ಸನ್ನು ಸಂಜೆ ಏಳಕ್ಕೆ ಬುಕ್ ಮಾಡಿದರೆ ಇಳಿಯುವಾಗ ಓಡಬೇಕಾಗುತ್ತದೆ. ರಾತ್ರಿ ತಡವಾದದ್ದೇ ಇರಲಿ.

ಹೊಸಬರಿಬ್ಬರಿಗೆ ಮಂಡಿ ನೋವು, ಉಬ್ಬಸ, ಬಿಪಿ ಏನಾದರೂ ಇದೆಯಾ? ಇದ್ದರೆ ಇಲ್ಲೇ ಬರೆಯಿರಿ, ಆಗ ಗಿರಿಗದ್ದೆವರೆಗಿನ ಚಿಕ್ಕ ನಡಿಗೆಯ ಬಗ್ಗೆ ಹೇಳುತ್ತೇನೆ.